ಕಾಸಿದ ಕಾಪಿ ಯಾರ ಪಾಲು

ಮೊನ್ನೆ ಸೊಸೆ ಬೆಂಗಳೂರಿಂದ ಬಂದಿದ್ದಳು. ಬೆಳಿಗ್ಗೆ ಎಲ್ಲರದೂ ಕಾಪಿ ಆದ ಮೇಲೆ ಬೋಸಿಲಿ ಒಂದು ಲೋಟದಷ್ಟು ಉಳಿದಿತ್ತು. ನಾನು ಹಿತ್ತಲಲ್ಲಿ ಬಟ್ಟೆ ಒಣಗಾಕಿ ಒಳಗೆ ಬರೋದರೊಳಗೆ ಅದನ್ನ ಸಿಂಕಿಗೆ ಸುರಿದು, ಬೋಸಿ ತೊಳೆದು ದಬ್ಬಾಕಿಬಿಟ್ಟಿದ್ದಳು. ಪಾಪ, ಅತ್ತೆ ಕೆಲಸ ಹಗುರ ಆಗಲಿ ಅಂತ ಮಾಡಿದ್ದು. "ಅಯ್ಯೋ, ಅದ ಯಾಕವ್ವ ಸುರ್ದ?" ಅಂದೆ. "ತಣ್ಣಗಾಗಿತ್ತು ಅತ್ತೆ, ಬೇಕಾದ್ರೆ ಹೊಸದಾಗಿ ಮಾಡ್ಕೊಡ್ತೀನಿ" ಅಂದಳು. ನನಗೆ ಹೊಸದು ಬೇಕಾಗಿರಲಿಲ್ಲ. ಹತ್ತು ಗಂಟೆಗೆ ಕಸಮುಸುರೆ ಎಲ್ಲ ಮುಗಿಸಿ, ಆ ಉಳಿದಿದ್ದನ್ನೇ ಕುದಿ ಬರಂಗೆ ಕಾಸಿ, ಬಾಗಿಲ ಮೆಟ್ಟಿಲ ಮೇಲೆ ಕೂತ್ಕೊಂಡು ಕುಡಿಯೋದು ನಾನು ಈ ಮನೆಗೆ ಬಂದಾಗಿಂದ ನಡೆದು ಬಂದಿರೋದು.

ಅವಳು ನಗ್ತಾ ಕೇಳಿದ್ಲು, "ಅತ್ತೆ, ಈ ಮನೇಲಿ ಉಳಿದಿದ್ದೆಲ್ಲ ನೀವೇ ಯಾಕೆ ಕುಡೀಬೇಕು?" ಅಂತ. ಆಗ ಏನೋ ಒಂದು ಹೇಳಿ ಬಾಯಿ ಮುಚ್ಚಿಸ್ದೆ. ರಾತ್ರಿ ಮಲಗಿದಾಗ ಆ ಮಾತು ಬಿಡಲಿಲ್ಲ. ಮೊದಲ ಲೋಟ ಯಾರಿಗೆ, ಕೊನೇ ಲೋಟ ಯಾರಿಗೆ ಅಂತ ನಮ್ಮ ಮನೆಗಳಲ್ಲಿ ಒಂದು ಲೆಕ್ಕ ಇತ್ತಲ್ವಾ? ಪಿಯುಸಿಲಿ ನಾನೂ ಚರಿತ್ರೆನೇ ತಗೊಂಡಿದ್ದೆ. ಪಾಣಿಪತ್ ಯುದ್ಧ ಎಷ್ಟು ನಡೆದವು ಅಂತ ಈಗಲೂ ಹೇಳಬಲ್ಲೆ. ಒಲೆ ಮುಂದೆ ನಡೆದಿದ್ದು ಯಾವ ಪಾಠದಲ್ಲೂ ಬರಲಿಲ್ಲ. ನಮ್ಮಜ್ಜಿ, ನಮ್ಮವ್ವ ಹೇಳಿದ್ದು, ನಾನು ಕಂಡಿದ್ದು, ಅಲ್ಲಿ ಇಲ್ಲಿ ಓದಿದ್ದು ಸೇರಿಸಿ ಇವತ್ತು ಬರೀತಿದೀನಿ. ತಪ್ಪಿದ್ರೆ ಅಕ್ಕತಂಗೇರು ತಿದ್ದಿ.

ಸಂತೆಮರಹಳ್ಳಿ ಅಂದ್ರೆ ಹೊರಗಿನೋರಿಗೆ ಗೊತ್ತಿರೋದು 2004ರ ಎಲೆಕ್ಷನ್ನು. ಒಬ್ಬರಿಗೆ 40,752 ಓಟು, ಇನ್ನೊಬ್ಬರಿಗೆ 40,751. ಒಂದೇ ಒಂದು ಓಟಲ್ಲಿ ಗೆದ್ದಿದ್ದು, ಒಂದೇ ಓಟಲ್ಲಿ ಸೋತಿದ್ದು. ಆವತ್ತಿಂದ ನಮ್ಮನೇಲಿ ಯಾರಾದ್ರೂ "ಒಂದ್ ಲೋಟ ತಾನೇ, ಚೆಲ್ಲು" ಅಂದ್ರೆ ನಮ್ಮ ಯಜಮಾನರು "ಒಂದ್ ಓಟು ತಾನೇ ಅಂದೋರ ಗತಿ ನೋಡಿಲ್ವಾ?" ಅಂತಾರೆ. ತಮಾಷೆ ಅವರದು, ಕುಡಿಯೋದು ನಾನು!

ನಮ್ಮಜ್ಜಿ, ಅಂದ್ರೆ ಅವ್ವನ ಅವ್ವ, ಮದುವೆಯಾಗಿ ಬಂದಾಗ ಮನೇಲಿ ಕಾಪಿ ಅನ್ನೋದೇ ಇರಲಿಲ್ಲವಂತೆ. ಬೆಳಿಗ್ಗೆ ಎದ್ದರೆ ತಂಗಳಿಟ್ಟು, ಮಜ್ಜಿಗೆ. ರಾತ್ರಿ ಉಳಿದ ರಾಗಿಹಿಟ್ಟನ್ನ ನೀರಲ್ಲಿ ಹಾಕಿಟ್ಟು, ಬೆಳಿಗ್ಗೆ ಕಿವುಚಿ, ಉಪ್ಪು ಈರುಳ್ಳಿ ಹಾಕ್ಕೊಂಡು ಕುಡಿದು ಗದ್ದೆಗೆ ಹೋಗೋರು. ಇದನ್ನ ಯಾಕೆ ಹೇಳ್ದೆ ಅಂದ್ರೆ, ಆ ಮನೆಗಳಲ್ಲಿ ನೆನ್ನೇದೇ ಇವತ್ತಿನ ಊಟ. ಹಾಳು ಮಾಡೋ ಮಾತೇ ಇಲ್ಲ. ಆಮೇಲೆ ಬಂದ ಕಾಪಿಯೂ ಅಂಬಲಿಗಿದ್ದ ಕಟ್ಟಳೆಗೇ ಸೇರ್ಕೊಂತು. ಉಳಿದ್ರೆ ಇಡು, ಹೊತ್ತಿಗೆ ಕಾಸು, ಕುಡಿ.

ವಿಚಿತ್ರ ಏನಪ್ಪಾ ಅಂದ್ರೆ, ಕಾಪಿ ಬೆಳೆಯೋ ಬೆಟ್ಟ ನಮ್ಮ ಕಣ್ಣೆದುರಿಗೇ ಇತ್ತು. ಗದ್ದೆ ಬದುವಿನಲ್ಲಿ ನಿಂತ್ರೆ ಬಿಳಿಗಿರಿರಂಗನ ಬೆಟ್ಟ ಕಾಣುತ್ತೆ. ಬಾಬಾಬುಡನ್ ಅನ್ನೋ ಸಂತರು ಏಳು ಕಾಪಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಹಾಕಿದ ಕತೆ ನಿಮಗೆಲ್ಲ ಗೊತ್ತು. ಅದು 17ನೇ ಶತಮಾನದ ಮಾತು. ನಮ್ಮ ರಂಗಪ್ಪನ ಬೆಟ್ಟಕ್ಕೆ ಕಾಪಿ ಹತ್ತಿದ್ದು ಬಹಳ ತಡವಾಗಿ, 19ನೇ ಶತಮಾನದ ಕೊನೇಲಿ. ಹತ್ತಿಸಿದ್ದು ಸ್ಕಾಟ್ಲೆಂಡಿನ ಕಡೆಯ ಮಾರಿಸ್ ಅನ್ನೋ ದೊರೆ. ಅತ್ತಿಖಾನೆ, ಹೊನ್ನಮೇಟಿ ಎಸ್ಟೇಟುಗಳು ಆ ಮನೆತನದವು. ಮಗ ಆರ್.ಸಿ. ಮಾರಿಸ್ ದೊಡ್ಡ ಶಿಕಾರಿದಾರ, ಕಾಡುಪ್ರಾಣಿಗಳ ಬಗ್ಗೆ ತುಂಬಾ ಬರೆದೋರು. ಅವರ ಮಗಳು ಮೋನಿಕಾ ಜಾಕ್ಸನ್ ಈ ಬೆಟ್ಟದಲ್ಲೇ ಬೆಳೆದು, 1955ರಲ್ಲಿ ಬರೀ ಹೆಂಗಸರೇ ಸೇರಿ ಹಿಮಾಲಯ ಹತ್ತಿದ ಮೊದಲ ತಂಡದಲ್ಲಿದ್ರು. ಇದನ್ನ ಓದಿದಾಗ ನನಗೆ ರೋಮಾಂಚನ ಆಯ್ತು ಕಣ್ರಿ. ಅದೇ ಬೆಟ್ಟದ ಗಾಳಿ ಕುಡಿದು ಒಬ್ಬಳು ಹಿಮಾಲಯ ಹತ್ತಿದಳು, ಅದೇ ವರ್ಷಗಳಲ್ಲಿ ನಮ್ಮಜ್ಜಿ ಬೆಟ್ಟದ ಕೆಳಗೆ ಒಲೆ ಊದುತ್ತಾ ಕೂತಿದ್ದಳು.

ಬೆಟ್ಟದ ಕಾಪಿ ಸೀದಾ ನಮ್ಮ ಹಳ್ಳಿಗೆ ಇಳಿಯಲಿಲ್ಲ. 1942ರ ಕಾಪಿ ಕಾಯ್ದೆ ಬಂದ ಮೇಲೆ ಬೆಳೆದೋರು ಬೆಳೆದಿದ್ದನ್ನ ಕಾಪಿ ಬೋರ್ಡಿನ ಪೂಲಿಗೆ ಹಾಕಬೇಕಿತ್ತು, ತಮಗೆ ಬೇಕಾದೋರಿಗೆ ಮಾರೋ ಹಾಗಿರಲಿಲ್ಲ. ಆ ಕಟ್ಟು ಪೂರ್ತಿ ಸಡಿಲಾಗಿದ್ದು 1996ರಲ್ಲಿ. ಹಾಗಾಗಿ ಬೆಟ್ಟದ ಬೀಜ ಬೆಂಗಳೂರಿಗೆ ಹೋಗಿ, ಹರಾಜಾಗಿ, ಎಲ್ಲೋ ಹುರಿದು, ಚಿಕೋರಿ ಸೇರಿ, ಪುಡಿಯಾಗಿ, ಸಂತೆ ಅಂಗಡಿಯ ಕಾಗದದ ಪೊಟ್ಟಣದಲ್ಲಿ ನಮ್ಮಜ್ಜಿ ಕೈಗೆ ಬರ್ತಿತ್ತು. ಬೆಟ್ಟದ ಮೇಲೆ ಸೋಲಿಗರು ಈಗ ತಮ್ಮ ಪೋಡುಗಳ ಸುತ್ತ ತಾವೇ ಕಾಪಿ ಬೆಳೀತಾರೆ. ಎರಡು ವರ್ಷದ ಕೆಳಗೆ ದೇವರ ದರ್ಶನಕ್ಕೆ ಹೋದಾಗ ಅಲ್ಲಿಂದ ಅರ್ಧ ಕೇಜಿ ಪುಡಿ ತಂದೆ. ನನ್ನ ಐವತ್ತು ಚಿಲ್ಲರೆ ವರ್ಷದಲ್ಲಿ ನಮ್ಮ ಬೆಟ್ಟದ ಕಾಪಿ ಅಂತ ಗೊತ್ತಿದ್ದು ಕುಡಿದಿದ್ದು ಅದೇ ಮೊದಲು.

ಅಜ್ಜಿ ಕಾಲದ ಕಾಪಿ ಹೆಂಗಿತ್ತು ಅಂದ್ರೆ, ಫಿಲ್ಟ್ರು ಗಿಲ್ಟ್ರು ಏನೂ ಇಲ್ಲ. ಮಡಕೇಲಿ ನೀರು, ಒಂದು ಅಚ್ಚು ಬೆಲ್ಲ, ಕುದಿ ಬಂದಾಗ ಎರಡು ಚಿಟಿಕೆ ಪುಡಿ. ಇಳಿಸಿ, ಚರಟ ತಳಕ್ಕೆ ಕೂತ ಮೇಲೆ ತೆಳ್ಳಗಿನ ಬಟ್ಟೇಲಿ ಸೋಸೋದು. ಹಾಲು ಇದ್ರೆ ಲೋಟಕ್ಕೆ ಒಂದು ಚೂರು ಮೇಲೆ ಬಿಡೋದು, ಇಲ್ಲ ಅಂದ್ರೆ ಕರೀದೇ. ಮಡಕೆಗೆ ಯಾಕೆ ಹಾಲು ಹಾಕ್ತಿರಲಿಲ್ಲ ಅಂದ್ರೆ, ಬೆಲ್ಲದ ಜೊತೆ ಕುದಿಸಿದ್ರೆ ಹಾಲು ಒಡೆದೋಗುತ್ತೆ. ಸೋಸಿದ್ದು ಆ ಮಡಕೇಲೆ ಕೋಡೊಲೆ ಮೇಲೆ ಕೂತಿರ್ತಿತ್ತು. ಕೋಡೊಲೆ ಈಗಿನ ಹುಡುಗೀರಿಗೆ ಗೊತ್ತಿರಲ್ಲ. ದೊಡ್ಡ ಒಲೆಗೆ ಅಂಟಿಕೊಂಡಂಗೆ ಇನ್ನೊಂದು ಬಾಯಿ ಇರುತ್ತೆ, ದೊಡ್ಡ ಒಲೆಯ ಬೆಂಕಿ ಅಲ್ಲೀವರೆಗೂ ಬಂದು ಹೋಗುತ್ತೆ. ಬೇರೆ ಸೌದೆ ಬೇಡ. ಬೆಳಿಗ್ಗೆ ಇಟ್ಟ ಕಾಪಿ ಮಧ್ಯಾಹ್ನದ ಹೊತ್ತಿಗೂ ಬೆಚ್ಚಗಿರ್ತಿತ್ತು, ಮತ್ತೆ ಕಾಸೋ ಕೆಲಸವೇ ಇರಲಿಲ್ಲ. ಯಾರು ಬಂದ್ರೂ ಒಂದು ಸೌಟು. ಬರ್ತಾ ಬರ್ತಾ ಬತ್ತಿ, ಸಾಯಂಕಾಲಕ್ಕೆ ಕಷಾಯದಂಗೆ ಆಗೋದು. ಆಗ ಅಜ್ಜಿ ಒಂದು ಚೊಂಬು ನೀರು ಹುಯ್ದು ಇನ್ನೊಂದು ಚೂರು ಬೆಲ್ಲ ಹಾಕಿಬಿಡೋಳು. ಯುದ್ಧದ ಕಾಲದ ಬರಗಾಲದಲ್ಲಿ ಪುಡಿ ಸಿಕ್ಕದೆ ಇದ್ದಾಗ ಧನಿಯ ಹುರಿದು ಕುಟ್ಟಿ ಹಾಕಿದ್ದೂ ಉಂಟಂತೆ. ಅದನ್ನೂ ಕಾಪಿ ಅಂತಲೇ ಕರೀತಿದ್ರು. ಹೆಸರಿಗೆ ಏನು ದುಡ್ಡಾ?

ಒಂದು ಮಾತು ಗಮನಿಸಿ. ಬೆಲ್ಲದ ಕರಿ ಕಾಪಿ ದಿನಪೂರ್ತಿ ಒಲೆ ಮೇಲಿದ್ರೂ ಕೆಡ್ತಿರಲಿಲ್ಲ. ಕೆಡೋ ಕಾಪಿ ಬಂದಿದ್ದು ಹಾಲು ಸಕ್ಕರೆ ಜೊತೆಗೆ. ನಮ್ಮವ್ವನ ಕಾಲಕ್ಕೆ ಹಿತ್ತಾಳೆ ಫಿಲ್ಟ್ರು ಬಂತು, ಅದು ಅವ್ವನ ಮದುವೇಲಿ ಮಾವನ ಮನೆಯೋರು ಕೊಟ್ಟಿದ್ದು. ಮೇಲಿನ ಪಾತ್ರೇಲಿ ಪುಡಿ ಒತ್ತಿ, ಕುದಿಯೋ ನೀರು ಹುಯ್ದು ಮುಚ್ಚಿಟ್ರೆ, ತೊಟ್ಟು ತೊಟ್ಟಾಗಿ ಕೆಳಗಿಳಿಯೋದು ಡಿಕಾಕ್ಷನ್ನು. ಇಲ್ಲಿಂದ ಶುರುವಾಯ್ತು ನೋಡಿ ಮೊದಲನೇದು ಎರಡನೇದು ಅನ್ನೋ ಭೇದ. ಮೊದಲನೇ ಡಿಕಾಕ್ಷನ್ನು ಗಟ್ಟಿ, ಘಮ್ಮಂತ ಇರೋದು, ಅದು ಅಪ್ಪನಿಗೆ, ಚಿಕ್ಕಪ್ಪಂದಿರಿಗೆ, ಬಂದ ನೆಂಟರಿಗೆ. ಅದೇ ಪುಡಿಗೆ ಮತ್ತೆ ನೀರು ಹುಯ್ದು ಇಳಿಸಿದ ಎರಡನೇದು ಹೆಂಗಸರಿಗೆ, ಮಕ್ಕಳಿಗೆ. ಮೂರನೇ ಸಲ ಆ ಚರಟನೇ ನೀರಿಗಾಕಿ ಕುದಿಸಿದ್ದು ಕೆಲಸದೋರಿಗೆ. ಪುಡಿ ಒಂದೇ, ಅದರ ಬಣ್ಣ ಇಳೀತಾ ಇಳೀತಾ ಮನೆಯೋರ ದರ್ಜೇನೂ ಇಳೀತಿತ್ತು.

ಮುಂಜಾನೆ ಮಾಡಿದ್ರಲ್ಲಿ ಅಪ್ಪ ಅರ್ಧ ಕುಡಿದು ಯಾರೋ ಕರೆದ್ರು ಅಂತ ಎದ್ದು ಹೋಗ್ತಿದ್ರು. ಆ ಅರ್ಧ ಲೋಟವೂ ಬೋಸಿಗೆ ವಾಪಸ್ಸು ಬರೋದು. ಎಂಜಲು ಅಂತ ಮಡಿ ಮೈಲಿಗೆ ಎಲ್ಲ ಮಾತಾಡೋ ನಮ್ಮವ್ವ ಗಂಡನ ಎಂಜಲು ಕಾಪೀನ ಮಾತ್ರ ಕಾಸ್ಕೊಂಡು ಕುಡಿಯೋಳು. ಅದಕ್ಕೆ ಒಂದು ಪಿಡಚೆ ರಾಗಿ ರೊಟ್ಟಿ ಅದ್ದಿಕೊಂಡ್ರೆ ಆಯ್ತು ಅವಳ ತಿಂಡಿ. ಗಂಡಸರದ್ದು ತಿಂಡಿಯಾಗಿ, ಮಕ್ಕಳದ್ದಾಗಿ, ಅವಳು ಕೂರೋ ಹೊತ್ತಿಗೆ ಪಾತ್ರೇಲಿ ಏನೂ ಇರ್ತಿರಲಿಲ್ಲ, ಇದ್ದಿದ್ದು ಕಾಪಿ. ಮಧ್ಯಾಹ್ನ ಎರಡು ಗಂಟೆವರೆಗೆ ಹೊಟ್ಟೆಗೆ ಅದೇ ಆಧಾರ. "ಅವ್ವ, ಹಸಿವಾಗಲ್ವಾ?" ಅಂದ್ರೆ "ಕಾಪಿ ಕುಡುದ್ನಲ್ಲವ್ವ" ಅನ್ನೋಳು.

ಕಾಪಿ ತೆಳ್ಳಗಾಗಿದ್ದಕ್ಕೆ ಇನ್ನೊಂದು ಕಾರಣ ಡೈರಿ. 1974ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಮೈಸೂರು ಕಡೆ ಹೈನು ಯೋಜನೆ ಶುರುವಾಗಿ, ಹಳ್ಳಿ ಹಳ್ಳೀಲಿ ಹಾಲಿನ ಸಂಘ ಆದವು. 1984ರಲ್ಲಿ ಕೆಎಂಎಫ್ ಆಯ್ತು. ಒಳ್ಳೇದೇ ಆಯ್ತು, ಅನುಮಾನ ಇಲ್ಲ, ಹೆಂಗಸರ ಕೈಲಿ ನಾಕು ಕಾಸು ಓಡಾಡಿದ್ದು ಆ ದುಡ್ಡಲ್ಲೇ. ಮೊದಲು ಹಾಲು ಮಾರೋದು ಅಂದ್ರೆ ನಾಚಿಕೆ, ಉಳಿದಿದ್ದೆಲ್ಲ ಮನೇಲೇ ಮಜ್ಜಿಗೆ ಬೆಣ್ಣೆ ಆಗೋದು. ಡೈರಿ ಬಂದ ಮೇಲೆ ಕ್ಯಾನು ಹೊತ್ತಿಗೆ ಮುಂಚೆ ಹೋಗಬೇಕು. ಮನೆಗೆ ಅಂತ ತೆಗೆದಿಡೋದು ಅರ್ಧ ಲೀಟರು. ಆ ಅರ್ಧ ಲೀಟರಲ್ಲಿ ಏಳು ಜನಕ್ಕೆ ಎರಡು ಹೊತ್ತು ಕಾಪಿ ಆಗಬೇಕು. ನಮ್ಮ ನಾದಿನಿ ಒಬ್ಬಳು ಹೇಳ್ತಿದ್ದಳು, "ಹಸ ನಮ್ದು, ಹಾಲು ಡೈರೀದು, ನೀರು ನಮ್ದು" ಅಂತ.

1977ರ ಸುಮಾರಿಗೆ ಕಾಪಿಪುಡಿ ಬೆಲೆ ಏರಿದ್ದು ನನಗೆ ಮಸುಕು ಮಸುಕಾಗಿ ನೆನಪಿದೆ. ಆಗ ಏಳೆಂಟು ವರ್ಷ ಇರಬೇಕು. ಅಂಗಡಿಯೋರು "ಬ್ರೆಜಿಲ್ಲಲ್ಲಿ ಮಂಜು ಬಿದ್ದದ" ಅಂತ ಹೇಳಿ ಕಳಿಸಿದ್ರು. ನಮ್ಮಜ್ಜಿ "ಅದ್ಯಾವೂರು? ಅಲ್ಲಿ ಮಂಜು ಬಿದ್ರ ನಮ್ಗ ಯಾಕ ಚಳಿ?" ಅಂತ ಕೇಳಿದ್ದು ಮನೆಯೋರೆಲ್ಲ ಬಹಳ ದಿನ ಆಡಿಕೊಂಡ್ವಿ. ಈಗ ತಿಳ್ಕೊಂಡಿದೀನಿ, ಅಂಗಡಿಯೋರು ಹೇಳಿದ್ದು ಸುಳ್ಳಲ್ಲ. 1975ರ ಜುಲೈನಲ್ಲಿ ಬ್ರೆಜಿಲ್ಲಿನ ಪರಾನಾ ಸೀಮೇಲಿ ಕಡು ಹಿಮ ಬಿದ್ದು ಕಾಪಿ ಗಿಡಗಳೇ ಸುಟ್ಟೋದವು. ಗಿಡ ಮತ್ತೆ ಚಿಗುರಿ ಫಸಲು ಕೊಡಕ್ಕೆ ವರ್ಷಗಳೇ ಬೇಕು, ಅದಕ್ಕೇ 1977ರ ಹೊತ್ತಿಗೆ ಪ್ರಪಂಚದಲ್ಲೆಲ್ಲ ಬೆಲೆ ಆಕಾಶಕ್ಕೇರಿತು. ಆ ವರ್ಷ ನಮ್ಮನೇಲಿ ಮೊದಲನೇ ಡಿಕಾಕ್ಷನ್ನು ಮಾತ್ರ ಹಾಗೇ ಇತ್ತು, ಅಪ್ಪನ ಲೋಟದ ಬಣ್ಣ ಬದಲಾಗಲಿಲ್ಲ. ಅವ್ವನ ಲೋಟ ಮಾತ್ರ ಕಳ್ಳನೀರಿನಂಗೆ ಆಯ್ತು.

ಇನ್ನು ಮುಂದಿನದು ಬರೀಬೇಕಾ ಬೇಡವಾ ಅಂತ ಎರಡು ದಿನ ಯೋಚನೆ ಮಾಡ್ದೆ. ನಮ್ಮ ಚಿಕ್ಕವ್ವ ದೊಡ್ಡವ್ವಂದಿರು ಓದಿ ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ, ಉಳಿದ ಕಾಪಿ ಕತೇಲಿ ಇದನ್ನ ಬಿಟ್ರೆ ಸುಳ್ಳು ಬರೆದಂಗೆ.

ನಮ್ಮದು ಒಕ್ಕಲು ಮನೆ. ನಾಟಿಗೆ, ಕಳೆಗೆ, ಅರಿಶಿನ ಬೇಯಿಸೋಕೆ ಕೇರಿಯಿಂದ ಆಳುಗಳು ಬರೋರು. ಹಿತ್ತಲ ಗೋಡೆ ಮೇಲೆ ನಾಲ್ಕೈದು ತೆಂಗಿನ ಕರಟ ಸಾಲಾಗಿ ಬೋರಲಾಗಿರ್ತಿದ್ದವು. ಅವು ಅವರ ಲೋಟ. ಅವರೇ ತಗೊಂಡು, ತೊಳ್ಕೊಂಡು, ಕೆಳಗೆ ಕೂತು ಎರಡು ಕೈಲಿ ಹಿಡೀಬೇಕು. ನಾವು ಮೇಲಿಂದ, ಚೊಂಬು ತಾಕದಂಗೆ ಹುಯ್ಯಬೇಕು. ಆಮೇಲೆ ಕರಟ ಹೋಗಿ ಅಲ್ಯೂಮಿನಿಯಂ ಲೋಟ ಬಂದವು, ಗೋಡೆ ಮಾತ್ರ ಅದೇ. ಅಸ್ಪೃಶ್ಯತೆ ಮಾಡೋದು ಅಪರಾಧ ಅಂತ 1955ರಲ್ಲೇ ಕಾನೂನು ಬಂದಿತ್ತು. ನಾನು ಹೇಳ್ತಿರೋದು ಅದಾಗಿ ಇಪ್ಪತ್ತೈದು ವರ್ಷದ ಮೇಲಿನ ಮಾತು. ಊರ ಹೋಟ್ಲುಗಳಲ್ಲೂ ಹೊರಗಡೆ ಬೇರೆ ಗ್ಲಾಸು ಇಟ್ಟಿರೋದು ನಾನೇ ಕಂಡಿದೀನಿ.

ಹುಯ್ಯೋ ಕೆಲಸ ನಂದು. ಹತ್ತು ವರ್ಷದ ಹುಡುಗಿ. ಬೆಳಗಿಂದ ಉಳಿದಿದ್ದೆಲ್ಲ ಒಂದು ಕಡೆ ಸೇರಿಸಿ, ಚರಟ ಹಾಕಿ, ನೀರು ಬೆಲ್ಲ ಬೆರೆಸಿ ಅವ್ವ ಕಾಸಿ ಕೊಡೋಳು. ಬರ್ತಾ ಹೊಲದ ದಾರೀಲಿ ಆರೋಗ್ತಿತ್ತು. ಆ ಆಳುಗಳಲ್ಲಿ ಒಬ್ಬಾಕೆ ಇದ್ದಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡೋಳು. ಗದ್ದೆ ನೀರಲ್ಲಿ ನನ್ನ ಕಾಲಿಗೆ ಜಿಗಣೆ ಹತ್ತಿದಾಗ ಉಗುರಲ್ಲಿ ಕಿತ್ತು, ಸುಣ್ಣ ಹಚ್ಚಿದೋಳು. ಆಗ ಮುಟ್ಟಬಹುದಿತ್ತು, ನೋಡಿ! ಒಂದಿನ ಜಡಿಮಳೇಲಿ ನಾಟಿ ನಡೀತಿತ್ತು. ನಾನು ಹುಯ್ದಿದ್ದು ಬಾಯಿಗಿಟ್ಟು, "ಕೂಸವ್ವ, ತಣ್ಣಗದ. ಒಸಿ ಕಾಯಿಸ್ಕ ಬತ್ತೀರಾ?" ಅಂದ್ಲು. ನಾನು ಮನೆಗೆ ಓಡಿ ಬಂದು ಅವ್ವನಿಗೆ ಹೇಳ್ದೆ. ಅವ್ವ ಅಂದ್ಲು, "ಅವರ್ಗ ಅಷ್ಟ ಸಾಕು, ಸೌದ ಯಾರು ಕೊಟ್ಟರು?" ನಾನು ವಾಪಸ್ಸು ಹೋಗಿ ಏನೂ ಹೇಳದೆ ನಿಂತ್ಕೊಂಡೆ. ಅವಳೂ ಕೇಳಲಿಲ್ಲ. ಕರಟ ಎತ್ತಿ ಒಂದೇ ಗುಟುಕಿಗೆ ಕುಡಿದು ನಾಟಿಗೆ ಇಳಿದಳು.

ನಮ್ಮವ್ವ ಕೆಟ್ಟೋಳಲ್ಲ. ಇದನ್ನ ಹೇಳಬಾರದು ಅಂದ್ಕೊಂಡೂ ಹೇಳ್ತಿದೀನಿ. ಅವಳಿಗೆ ಸಿಕ್ಕಿದ್ದು ಎಂಜಲು, ಅವಳು ಕೊಟ್ಟಿದ್ದು ಅದಕ್ಕಿಂತ ಕೆಳಗಿನದು. ತಾನು ಕುಡಿಯೋದು ಬಿಸಿಯಾಗಿರಬೇಕು ಅಂತ ಅವಳಿಗೆ ಗೊತ್ತಿತ್ತಲ್ಲ, ಆ ಹೆಂಗಸಿಗೂ ಬೇಕು ಅಂತ ಯಾಕೆ ಹೊಳೀಲಿಲ್ಲ? ನನಗೆ ಹೊಳೆದಿತ್ತಲ್ಲ, ನಾನು ಯಾಕೆ ಒಲೆ ಹಚ್ಚಲಿಲ್ಲ?

ಹೋದ ವರ್ಷ ಚಾಮರಾಜನಗರದ ಬಸ್ ಸ್ಟ್ಯಾಂಡಲ್ಲಿ ಆಕೆ ಸಿಕ್ಕಿದ್ಲು. ತಲೆ ಪೂರ್ತಿ ಬೆಳ್ಳಗಾಗಿದೆ, ಮೊಮ್ಮಗಳು ನರ್ಸಿಂಗ್ ಓದ್ತಿದಾಳಂತೆ. ನಾನೇ ಗುರುತು ಹಿಡಿದು ಮಾತಾಡಿಸ್ದೆ. "ಯಾರು, ಗೌಡ್ರ ಕೂಸಾ? ಎಷ್ಟ್ ಸಣ್ಣಗಾಗಿದ್ದಯ್ಯ?" ಅಂತ ಕೈ ಹಿಡ್ಕೊಂಡ್ಲು. "ಬಾ ಅಕ್ಕ, ಕಾಪಿ ಕುಡಿಯನ" ಅಂದೆ. ಹೋಟ್ಲಲ್ಲಿ ಎದುರುಬದರು ಕೂತ್ವಿ. ನಾನು ಎರಡು ಕಾಪಿ ಅಂತ ಹೇಳೋದರೊಳಗೆ ಆಕೆ ಹುಡುಗನ್ನ ಕರೆದು, "ನಂಗ ಟೀ ಕೊಡಪ್ಪ, ಬಿಸೀದು" ಅಂದ್ಲು. "ಕಾಪಿ ಕುಡಿಯಲ್ವಾ ಅಕ್ಕ?" ಅಂದೆ. "ಕಾಪಿ ಬುಟ್ಟು ಬಾಳ ವರ್ಸ ಆಯ್ತು ಕನವ್ವ" ಅಂದ್ಲು. ಯಾಕೆ ಅಂತ ನಾನು ಕೇಳಲಿಲ್ಲ. ದುಡ್ಡು ಕೊಡಕ್ಕೆ ಹೋದ್ರೆ ಮೊದಲೇ ಆಕೆ ಕೊಟ್ಟಾಗಿತ್ತು, ಇಬ್ಬರದೂ.

ಇರಲಿ. ಕಾಸೋ ವಿಚಾರಕ್ಕೆ ಬರ್ತೀನಿ, ಅದರಲ್ಲೂ ಬದಲಾವಣೆ ಕಡಿಮೆ ಆಗಿಲ್ಲ. ಹಿತ್ತಾಳೆ ಪಾತ್ರೆ ಕಾಲದಲ್ಲಿ ಕಲಾಯಿ ಹೋದ ಬೋಸೀಲಿ ಕಾಪಿ ಇಡಬಾರದು ಅಂತ ಅಜ್ಜಿ ಕಟ್ಟುನಿಟ್ಟು. ಕಲಾಯಿ ಸವೆದ ಜಾಗದಲ್ಲಿ ಕಿಲುಬು ಹಿಡಿದು, ಇಟ್ಟಿದ್ದೆಲ್ಲ ಬಾಯಿಗೆ ಒಗರು, ಹೊಟ್ಟೆಗೆ ವಿಷ. ಕಲಾಯಿಯೋರು ವರ್ಷಕ್ಕೊಂದ್ಸಲ ಬಂದು ಆಲದ ಮರದ ಕೆಳಗೆ ತಿದಿ ಹೂಡೋರು. ಸ್ಟೀಲು ಬಂದ ಮೇಲೆ ಆ ಭಯ ಹೋಯ್ತು, ಅವರೂ ಹೋದರು. ಸೀಮೆಎಣ್ಣೆ ಸ್ಟೌ ಬಂದಾಗ ಕಾಸಿದ ಕಾಪಿಗೆಲ್ಲ ಸೀಮೆಎಣ್ಣೆ ವಾಸನೆ. ಗ್ಯಾಸು ಬಂದ ಮೇಲೆ "ಒಂದ್ನಿಮಿಷ ಇರು, ಕಾಸ್ತೀನಿ" ಅನ್ನೋ ಮಾತು ಹುಟ್ಟಿತು. ಅದೇ ಒಂದ್ನಿಮಿಷದಲ್ಲಿ ಎಷ್ಟು ಸಲ ಉಕ್ಕಿ ಒಲೆಯೆಲ್ಲ ರಾಡಿಯಾಗಿದೆಯೋ! ಮಗನ ಮನೇಲಿ ಮೈಕ್ರೋವೇವು. ಲೋಟ ಬೆಂಕಿ, ಕಾಪಿ ಉಗುರುಬೆಚ್ಚಗೆ. ನನಗೆ ಅದು ಒಗ್ಗಲಿಲ್ಲ.

ನಮ್ಮೂರಲ್ಲಿ ರೇಷ್ಮೆ ನೂಲು ತೆಗೆಯೋ ಕಾರ್ಖಾನೆ ಇತ್ತಲ್ಲ, ಅಲ್ಲಿಗೆ ಹೋಗ್ತಿದ್ದ ನಮ್ಮ ಪಕ್ಕದ ಮನೆ ಅಕ್ಕ ಬಾಟ್ಲೀಲಿ ಕಾಪಿ ಒಯ್ಯೋಳು. ಗೂಡು ಬೇಯಿಸೋ ಬಿಸಿನೀರಿನ ಬಾನಿ ಪಕ್ಕ ಇಟ್ಟುಬಿಟ್ರೆ ಹನ್ನೊಂದು ಗಂಟೆಗೂ ಬಿಸಿಯಾಗಿರ್ತಿತ್ತಂತೆ. "ಹುಳದ ವಾಸ್ನೇಲಿ ಕಾಪಿ ವಾಸ್ನ ತಿಳಿತಿರ್ನಿಲ್ಲ, ಬಿಸಿ ಇದ್ರ ಸಾಕಿತ್ತು" ಅನ್ನೋಳು. ಬಿಸಿನೀರಲ್ಲಿ ಅದ್ದಿ ಅದ್ದಿ ಬೆರಳೆಲ್ಲ ಬಿಳಿಚಿಕೊಂಡ ಆ ಕೈಗಳಲ್ಲಿ ಬಾಟ್ಲಿ ಹಿಡ್ಕೊಂಡು ಕುಡಿಯೋದೇ ಅವಳಿಗೆ ಸಿಕ್ಕೋ ವಿರಾಮ.

ಪುಡಿ ಕಾಪಿ, ಅಂದ್ರೆ ನೀರಿಗೆ ಹಾಕಿದ ತಕ್ಷಣ ಕರಗೋದು, ನಮ್ಮ ಮಕ್ಕಳ ಕಾಲಕ್ಕೆ ಮನೆಗೆ ಬಂತು. ಬ್ರೂ ಅನ್ನೋದು 1960ರ ದಶಕದ ಕೊನೇಲೇ ಬಂದಿತ್ತು. 1989ರಲ್ಲಿ ನಮ್ಮ ಪಕ್ಕದ ನಂಜನಗೂಡಲ್ಲೇ ನೆಸ್ಲೆಯೋರ ಕಾರ್ಖಾನೆ ಆಯ್ತು. ಇದರಿಂದ ಒಂದು ಉಪಕಾರ ಆಗಿದೆ, ಒಬ್ಬರಿಗೆ ಬೇಕು ಅಂದ್ರೆ ಒಂದೇ ಲೋಟ ಮಾಡಬಹುದು, ಉಳಿಯೋದೇ ಇಲ್ಲ. ಉಳಿಯೋದೇ ಇಲ್ಲ ಅಂದ ಮೇಲೆ ಕಾಸೋರು ಯಾರು? ಸೊಸೆಗೆ ಉಳಿದ ಕಾಪಿ ಅಂದ್ರೆ ಏನು ಅಂತ ಗೊತ್ತಾಗದೆ ಇರೋದು ಅದಕ್ಕೇ ಇರಬಹುದು.

ಇನ್ನು ಕಾಸಿದ ಕಾಪಿ ಯಾಕೆ ಕಹಿ ಅಂತ ಕೇಳ್ತೀರಿ. ಕಾಪೀಲಿ ಕ್ಲೋರೋಜೆನಿಕ್ ಆಮ್ಲ ಅಂತ ಇರುತ್ತಂತೆ. ಬಿಸೀಲಿ ಇಟ್ಟಷ್ಟೂ ಅದು ಒಡೆದು ಬೇರೆ ಆಮ್ಲಗಳಾಗಿ, ನಾಲಿಗೆಗೆ ಹುಳಿ ಕಹಿ ಒಗರು ಬರುತ್ತೆ, ಘಮ ಆವೀಲಿ ಹೋಗುತ್ತೆ. ಆದರೆ ಕೆಫೀನು ಎಲ್ಲೂ ಹೋಗಲ್ಲ, ಎಷ್ಟು ಸಲ ಕಾಸಿದ್ರೂ ಅಷ್ಟೇ ಇರುತ್ತೆ. ಅಂದ್ರೆ ರುಚಿ ಗಂಡಸರಿಗೆ, ನಿದ್ದೆಗೆಡೋದು ನಮಗೆ! ಚಿಕೋರಿ ಬೆರೆಸಿದ ಪುಡಿಯಾದ್ರೆ ಕಾಸಿದ ಮೇಲೂ ಬಣ್ಣ ಮಂದ ಇರುತ್ತೆ, ಮೋಸ ಗೊತ್ತಾಗಲ್ಲ. ಚಿಕೋರೀಲಿ ಕೆಫೀನು ಇಲ್ಲ. ನೂರಕ್ಕೆ 49 ಭಾಗದವರೆಗೂ ಬೆರೆಸಬಹುದು, ಪೊಟ್ಟಣದ ಮೇಲೆ ಎಷ್ಟು ಅಂತ ಹಾಕಿರಲೇಬೇಕು. ಕನ್ನಡಕ ಹಾಕ್ಕೊಂಡು ಓದಿ. ಹಾಲು ಹಾಕಿದ ಕಾಪಿ ಬೇಸಿಗೇಲಿ ಎರಡು ಗಂಟೆ ಮೇಲೆ ಹೊರಗಿಟ್ರೆ ಕುಡೀಬೇಡಿ. ಕುದಿಸಿದ್ರೆ ಎಲ್ಲ ಸರಿಹೋಗುತ್ತೆ ಅಂತ ನಾವು ಅಂದ್ಕೊಂಡಿರೋದು, ಆದ್ರೆ ಕೆಲವು ಕ್ರಿಮಿಗಳ ವಿಷ ಕುದಿಗೂ ಹೋಗಲ್ಲ. ಡಿಕಾಕ್ಷನ್ನು ಬೇರೆ, ಹಾಲು ಬೇರೆ ಇಡಿ. ಕಾಸೋದಾದ್ರೆ ಹಾಲನ್ನ ಕುದಿಸಿ, ಡಿಕಾಕ್ಷನ್ನು ಅದಕ್ಕೆ ಬೆರೆಸಿ ಇಳಿಸಿ. ಡಿಕಾಕ್ಷನ್ನನ್ನ ಕುದಿಸಬಾರದು. ಇಷ್ಟು ಕಲಿಯಕ್ಕೆ ನನಗೆ ಐವತ್ತು ವರ್ಷ ಬೇಕಾಯ್ತು.

ನನಗೆ ಬುದ್ಧಿ ಬಂದಿದ್ದು ಆರು ವರ್ಷದ ಕೆಳಗೆ. ಮೆಟ್ಟಿಲು ಹತ್ತಿದ್ರೆ ಏದುಸಿರು, ಕಣ್ಣು ಕತ್ತಲೆ. ಆಸ್ಪತ್ರೇಲಿ ರಕ್ತ ಪರೀಕ್ಷೆ ಮಾಡಿಸಿದ್ರೆ ಹಿಮೋಗ್ಲೋಬಿನ್ನು 7. ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದು, "ಇದನ್ನ ಯಾವಾಗ ನುಂಗ್ತೀರಿ?" ಅಂದ್ರು. "ತಿಂಡಿ ಆದ ಮೇಲೆ, ಕಾಪಿ ಜೊತೆ" ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ್ರು. ಊಟದ ಜೊತೆ, ಇಲ್ಲ ಊಟ ಆದ ಮೇಲೆ ಒಂದು ಗಂಟೆಯೊಳಗೆ ಕಾಪಿ ಕುಡಿದ್ರೆ, ಸೊಪ್ಪು ಕಾಳಿನಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತದಂಗೆ ತಡೆಯುತ್ತಂತೆ. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದ್ರೆ ಅಷ್ಟು ತೊಂದರೆ ಇಲ್ಲ. ನಾನು ಮಾಡ್ತಿದ್ದದ್ದು ಏನು? ರೊಟ್ಟಿಗೆ ಕಾಪಿ, ಊಟಕ್ಕೆ ಕಾಪಿ, ಮಾತ್ರೆಗೂ ಕಾಪಿ. ಅವ್ವನ ಕೈ ಉಗುರು ಸೌಟಿನಂಗೆ ಗುಂಡಿ ಬಿದ್ದಿದ್ದು, ಯಾವಾಗ ನೋಡಿದ್ರೂ "ಸುಸ್ತು ಕನವ್ವ" ಅಂತಿದ್ದದ್ದು ನೆನಪಾಯ್ತು. ಅವಳಿಗೆ ಯಾರೂ ರಕ್ತ ಪರೀಕ್ಷೆ ಮಾಡಿಸಲಿಲ್ಲ. ಸುಸ್ತಾದಾಗೆಲ್ಲ ಒಂದು ಲೋಟ ಕಾಪಿ ಕಾಸಿ ಕೊಟ್ಟಿದ್ದು ನಾನೇ.

ಈಗ ಹನ್ನೊಂದೂವರೆಗೆ ಬಂದಿದೆ ನನ್ನ ಹಿಮೋಗ್ಲೋಬಿನ್ನು. ಬೆಳಿಗ್ಗೆ ಎಲ್ಲರ ಜೊತೆ ಕೂತು ತಿಂಡಿ ತಿಂತೀನಿ. ಮೊದಮೊದಲು ನಮ್ಮ ಯಜಮಾನರಿಗೆ ಅದು ವಿಚಿತ್ರ ಅನಿಸ್ತು, "ಯಾರು ಬಡಿಸೋದು?" ಅಂದ್ರು. ಪಾತ್ರೆ ಮೇಜಿನ ಮೇಲಿದೆ, ಕೈ ನಿಮ್ಮ ಹತ್ರ ಇದೆ ಅಂದೆ. ಬಡಿಸ್ಕೊಂಡ್ರು. ಆದರೂ ಹತ್ತು ಗಂಟೆ ಕಾಪಿ ಬಿಟ್ಟಿಲ್ಲ, ಅದು ಬೇರೆ ವಿಷಯ. ಆ ಹೊತ್ತು ನನ್ನದು. ಯಾರೂ ಕರೆಯಲ್ಲ, ಏನೂ ಕೇಳಲ್ಲ. ಕಹಿಯಾದ್ರೇನು.

ಪುಡಿ ಬೆಲೆ ಕೇಳಿದ್ರೆ ಈಗ ಮತ್ತೆ 1977 ಬಂದಂಗಿದೆ. ಬ್ರೆಜಿಲ್ಲು, ವಿಯೆಟ್ನಾಮಲ್ಲಿ ಮಳೆ ಕೈಕೊಟ್ಟು, 2025ರ ಫೆಬ್ರವರೀಲಿ ಪ್ರಪಂಚದ ಮಾರ್ಕೆಟ್ಟಲ್ಲಿ ಕಾಪಿ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿತು. ಅದೇ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ. ಚೆಲ್ಲೋದು ಹೆಂಗೆ ನೀವೇ ಹೇಳಿ. ನಾನು ದೊಡ್ಡ ಫಿಲ್ಟ್ರು ಅಟ್ಟಕ್ಕೆ ಹಾಕಿ, ಇಬ್ಬರಿಗಾಗೋ ಚಿಕ್ಕದು ತಗೊಂಡಿದೀನಿ. ಎರಡನೇ ಡಿಕಾಕ್ಷನ್ನು ಇಳಿಸೋದು ನಿಲ್ಲಿಸಿದೀನಿ, ಚರಟ ಸೀದಾ ಕರಿಬೇವಿನ ಗಿಡದ ಬುಡಕ್ಕೆ.

ಸೊಸೆ ಹೊರಡೋ ದಿನ ಬೆಳಿಗ್ಗೆ ನಾನು ಏಳೋದಕ್ಕೆ ಮುಂಚೆ ಎದ್ದು ಫಿಲ್ಟ್ರು ಹಾಕಿದ್ಲು. ಮೊದಲನೇ ಲೋಟ ತಂದು ನನ್ನ ಕೈಗೆ ಕೊಟ್ಲು. ಗಟ್ಟಿ, ಘಮ್ಮಂತ ಇತ್ತು. ಸಕ್ಕರೆ ಒಂದು ಚಮಚ ಜಾಸ್ತಿ ಆಗಿತ್ತು, ಹೇಳಲಿಲ್ಲ. ಅರ್ಧ ಕುಡಿಯೋ ಹೊತ್ತಿಗೆ ಬಾಗಿಲಲ್ಲಿ ಹಾಲಿನೋನು ಕೂಗಿದ, ಎದ್ದು ಹೋದೆ. ವಾಪಸ್ಸು ಬಂದು ನೋಡಿದ್ರೆ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟಿದ್ಲು.